ಮೈಸೂರು ರಸ್ತೆಯ ಮಾಲ್ಟು, ಪೋರ್ಟಿನ ಪೀಪಾಯಿ

ಉಡುಪಿ ಬಳಿಯ ಶಂಕರಪುರದ ಮಲ್ಲಿಗೆಗೆ ಕಾಯುವ ಅಭ್ಯಾಸವಿಲ್ಲ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಹೊತ್ತಿಗೆ ಸರಿಯಾಗಿ ಮಾರಾಟದ ಕಟ್ಟೆಗೆ ಮುಟ್ಟಿಸಬೇಕು. ದರ ದಿನದಿನಕ್ಕೂ ಬೇರೆ. ಈ ಕಡೆಯ ಕುಡಿಯುವ ಪದಾರ್ಥಗಳದ್ದೂ ಹೆಚ್ಚುಕಡಿಮೆ ಇದೇ ಜಾತಕ. ಮರದಿಂದ ಇಳಿಸಿದ ಕಳಿ ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಬಿಟ್ಟರೆ ವಿನೆಗರ್. ಗೋವಾದ ಗೇರುಹಣ್ಣಿನ ಫೆನ್ನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದರೂ ಅದನ್ನು ಮರದಲ್ಲಿಟ್ಟು ಮಾಗಿಸುವ ರೂಢಿ ಇಲ್ಲ, ಇಟ್ಟರೆ ಗಾಜಿನ ಜಾಡಿಯಲ್ಲೇ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಷೇಧವಾದ ಸಾರಾಯಿಗಂತೂ ವಯಸ್ಸಿನ ಪ್ರಶ್ನೆಯೇ ಇರಲಿಲ್ಲ. ತುಳುನಾಡಿನ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಜತೆಗೆ ಮದ್ಯವನ್ನೂ ಇಡುವ ಈ ನೆಲದಲ್ಲಿ ಕುಡಿತಕ್ಕೆ ಬರವಿಲ್ಲ. ಆದರೆ ಒಂದು ಮದ್ಯವನ್ನು ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂಡಿಹಾಕಿ, ಕೊನೆಗೆ ಇನ್ನೊಂದು ಪೀಪಾಯಿಗೆ ಸುರಿದು ಮತ್ತೆ ಕಾಯುವುದು ಇಲ್ಲಿಯವರಿಗೆ ಪೂರಾ ಹೊಸ ವಿಷಯ.

ಆ ಹೊಸ ವಿಷಯವನ್ನು ಕರ್ನಾಟಕದಲ್ಲೇ ಮಾಡಿ ಜಗತ್ತಿಗೆ ಮಾರಿದವರಿದ್ದಾರೆ. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಕುಂಬಳಗೋಡು ದಾಟುವ ಹೊತ್ತಿಗೆ ಸಿಗುವ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. 2011ರಲ್ಲಿ ಈ ಸಂಸ್ಥೆ 'ಪೋರ್ಟೊನೋವಾ' ಎಂಬ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಹೊರತಂದಿತು. ಪೋರ್ಚುಗಲ್‌ನ ಪೋರ್ಟ್ ವೈನ್ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಕೆಲಕಾಲ ಇಟ್ಟು ತೆಗೆದ ವಿಸ್ಕಿ ಅದು. ಬಾಟಲಿಯ ಮೇಲೆ ಅಚ್ಚಾದ ಮದ್ಯಸಾರದ ಪ್ರಮಾಣ ಶೇ. 62.1. ಸಾಮಾನ್ಯ ವಿಸ್ಕಿಯ ಬಾಟಲಿಯಲ್ಲಿ ಕಾಣುವುದು ಶೇ. 42.8. ಈ 62.1 ಎಲ್ಲಿಂದ ಬಂತು ಎಂಬುದು ತಿಳಿದರೆ ಬೆಂಗಳೂರಿನ ಮಾಲ್ಟ್‌ನ ಅರ್ಧ ಕಥೆ ತಿಳಿದಂತೆ. ಅದಕ್ಕೆ ಮೊದಲು ಒಂದಿಷ್ಟು ಹಿನ್ನೆಲೆ ಬೇಕು.

ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ 1948ರಲ್ಲಿ ಶುರು ಮಾಡಿದ ಕಂಪನಿ ಇದು. ದಶಕಗಳ ಕಾಲ ಬ್ರಾಂದಿ, ರಮ್ಮು, ಸಾಮಾನ್ಯ ವಿಸ್ಕಿಗಳೇ ಅದರ ಅನ್ನ. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಮದ್ಯಸಾರ. ಯುರೋಪಿನಲ್ಲಿ ಅದನ್ನು ವಿಸ್ಕಿ ಎಂದು ಕರೆಯಲು ಕಾನೂನು ಬಿಡುವುದಿಲ್ಲ. ಸಿಂಗಲ್ ಮಾಲ್ಟ್ ಬೇರೆಯೇ ಕುಲ. ಮೊಳಕೆ ಬರಿಸಿದ ಬಾರ್ಲಿಯೊಂದೇ ಧಾನ್ಯ, ಒಂದೇ ಭಟ್ಟಿಮನೆ, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸುವುದು, ಆಮೇಲೆ ಓಕ್ ಪೀಪಾಯಿ. ಅಮೃತ್‌ನವರು ಮಾಲ್ಟ್ ತಯಾರಿಸುತ್ತಿದ್ದರು, ಆದರೆ ತಮ್ಮ ಮಿಶ್ರ ವಿಸ್ಕಿಗಳಿಗೆ ಬೆರೆಸಲೆಂದು. ರಾಧಾಕೃಷ್ಣ ರಾಯರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುತ್ತಿದ್ದಾಗ, ಈ ಮಾಲ್ಟನ್ನು ಹಾಗೆಯೇ ಮಾರಿದರೆ ಹೇಗೆ ಎಂಬ ಪ್ರಶ್ನೆ ಎದ್ದಿತು. ಉತ್ತರ ಸಿಕ್ಕಿದ್ದು 2004ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ವಿಸ್ಕಿಯ ತವರಿಗೇ ಹೋಗಿ ಬೆಂಗಳೂರಿನ ವಿಸ್ಕಿ ಬಿಡುಗಡೆ ಮಾಡುವುದಕ್ಕೆ ಎದೆಗಾರಿಕೆ ಬೇಕು. ಮೊದಮೊದಲು ಅಲ್ಲಿಯವರು ನಕ್ಕದ್ದೂ ಉಂಟು. 2010ರ ಸಾಲಿನ 'ವಿಸ್ಕಿ ಬೈಬಲ್'ನಲ್ಲಿ ಜಿಮ್ ಮರೆ ಎಂಬ ಬ್ರಿಟಿಷ್ ವಿಮರ್ಶಕರು ಅಮೃತ್ ಫ್ಯೂಶನ್‌ಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿ ಕೂರಿಸಿದ ಮೇಲೆ ನಗು ನಿಂತಿತು. ಪೋರ್ಟೊನೋವಾ ಬಂದದ್ದು ಆ ಬಿಸಿಯಲ್ಲೇ.

ಇನ್ನು ಪೋರ್ಟ್. ಕರಾವಳಿಯವರು ಈ ಹೆಸರು ಕೇಳಿಯೇ ಇರುತ್ತಾರೆ. ಗೋವಾಕ್ಕೆ ಪ್ರವಾಸ ಹೋದವರು ಬರುವಾಗ 'ಪೋರ್ಟ್ ವೈನ್' ಎಂಬ ಸಿಹಿ ಕೆಂಪು ವೈನಿನ ಬಾಟಲಿ ಚೀಲಕ್ಕೆ ಸೇರಿಸುವುದು ಮಾಮೂಲು. ಅಗ್ಗ, ಸಿಹಿ, ಹೆಂಗಸರೂ ಕುಡಿಯಬಹುದು ಎಂಬ ಹೆಸರು ಬೇರೆ. ಅದನ್ನು ದೂರುವ ಉದ್ದೇಶವಿಲ್ಲ, ಆದರೆ ಅದು ಪೋರ್ಟ್ ಅಲ್ಲ. ಪೋರ್ಟ್ ಎಂದರೆ ಪೋರ್ಚುಗಲ್‌ನ ಉತ್ತರದಲ್ಲಿ ಡೌರೋ ನದಿಯ ಕಣಿವೆಯ ಕಡಿದಾದ ಇಳಿಜಾರುಗಳಲ್ಲಿ ಬೆಳೆದ ದ್ರಾಕ್ಷಿಯಿಂದ ಮಾಡಿದ ವೈನ್. ಉಡುಪಿ ಮಲ್ಲಿಗೆಗೆ ಇರುವಂಥ ಊರ ಹೆಸರಿನ ರಕ್ಷಣೆ ಅದಕ್ಕೂ ಇದೆ. ಅಲ್ಲಿ ಅದು ತುಂಬ ಹಳೆಯದು: ಮಾರ್ಕ್ವಿಸ್ ಆಫ್ ಪೊಂಬಾಲ್ ಎಂಬ ಮಂತ್ರಿ 1756ರಲ್ಲೇ ಕಣಿವೆಯ ಗಡಿ ಗುರುತಿಸಿ, ಇದರೊಳಗೆ ಬೆಳೆದದ್ದು ಮಾತ್ರ ಪೋರ್ಟ್ ಎಂದು ಕಟ್ಟು ಮಾಡಿದ.

ಪೋರ್ಟ್‌ನ ಗುಟ್ಟು ಹುದುಗುವಿಕೆಯನ್ನು ನಡುವೆಯೇ ನಿಲ್ಲಿಸುವುದರಲ್ಲಿದೆ. ದ್ರಾಕ್ಷಿರಸದ ಸಕ್ಕರೆ ಅರ್ಧದಷ್ಟು ಮದ್ಯಸಾರವಾಗುವ ಹೊತ್ತಿಗೆ ಅದಕ್ಕೆ ಶೇ. 77ರಷ್ಟು ಬಲದ ದ್ರಾಕ್ಷಿ ಮದ್ಯ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಉಳಿದ ಸಕ್ಕರೆ ಉಳಿದುಬಿಡುತ್ತದೆ. ಹೀಗೆ ಸಿದ್ಧವಾದ ವೈನಿನಲ್ಲಿ ಸಿಹಿಯೂ ಇರುತ್ತದೆ, ಶೇ. 20ರ ಆಸುಪಾಸಿನ ಮದ್ಯಸಾರವೂ ಇರುತ್ತದೆ. ಮೊದಲು ಇದನ್ನು ಹಾಯಿಯ ರಬೇಲೊ ದೋಣಿಗಳಲ್ಲಿ ನದಿಗುಂಟ ಇಳಿಸಿ, ಪೋರ್ಟೊ ನಗರದ ಎದುರು ದಂಡೆಯ ವಿಲಾ ನೋವಾ ಡಿ ಗಾಯಾದ ಉಗ್ರಾಣಗಳಲ್ಲಿ ಪೀಪಾಯಿಗೆ ತುಂಬಿಡುತ್ತಿದ್ದರು. ಈಗ ದೋಣಿಗಳು ಪ್ರವಾಸಿಗರ ಫೋಟೊಕ್ಕೆ, ಸಾಗಣೆ ಟ್ಯಾಂಕರಿನಲ್ಲಿ. ಪೀಪಾಯಿ ಮಾತ್ರ ಅದೇ: 550 ಲೀಟರ್ ಆಸುಪಾಸು ಹಿಡಿಸುವ, ಎರಡೂ ತುದಿ ಸಪೂರವಾದ ಉದ್ದನೆಯ ಪೀಪಾಯಿ. ಸ್ವಲ್ಪ ಕಾಲ ಇಟ್ಟು ಕೆಂಪಾಗಿರುವಾಗಲೇ ಬಾಟಲಿಗೆ ತುಂಬಿದ್ದು ರೂಬಿ. ಹತ್ತು, ಇಪ್ಪತ್ತು, ನಲವತ್ತು ವರ್ಷ ಮರದಲ್ಲೇ ಕೂತು ಬಣ್ಣ ಕಂದಿ, ಬಾದಾಮಿ, ಒಣಹಣ್ಣಿನ ವಾಸನೆ ಬಂದದ್ದು ಟಾನಿ. ವಿಸ್ಕಿಯವರಿಗೆ ಈ ಎರಡರ ವ್ಯತ್ಯಾಸ ಮುಖ್ಯ, ಯಾಕೆಂದರೆ ಪೀಪಾಯಿ ಕೊಡುವ ರುಚಿ ಎರಡು ದಿಕ್ಕಿನದು.

ಬ್ರಿಟನ್‌ಗೂ ಪೋರ್ಟ್‌ಗೂ ಹಳೆಯ ನಂಟು. ಫ್ರಾನ್ಸಿನೊಂದಿಗೆ ಜಗಳವಿದ್ದ ಕಾಲದಲ್ಲಿ, 1703ರ ಮೆಥ್ಯುಯೆನ್ ಒಪ್ಪಂದದ ಮೂಲಕ ಪೋರ್ಚುಗಲ್‌ನ ವೈನಿಗೆ ಇಂಗ್ಲೆಂಡ್ ಸುಂಕದಲ್ಲಿ ರಿಯಾಯಿತಿ ಕೊಟ್ಟಿತು. ಪೀಪಾಯಿಗಟ್ಟಲೆ ಪೋರ್ಟ್ ಹಡಗಿನಲ್ಲಿ ಬರುತ್ತಿತ್ತು, ಕುಡಿದು ಮುಗಿದ ಮೇಲೆ ಖಾಲಿ ಪೀಪಾಯಿ ಅಲ್ಲೇ ಉಳಿಯುತ್ತಿತ್ತು. ಸ್ಕಾಟ್ಲೆಂಡಿನವರು ಅದಕ್ಕೆ ವಿಸ್ಕಿ ತುಂಬಿದರು. ಅದರಲ್ಲಿ ಕಲೆಯೂ ಇರಲಿಲ್ಲ, ಶಾಸ್ತ್ರವೂ ಇರಲಿಲ್ಲ, ಮಿತವ್ಯಯ ಮಾತ್ರ. ಇಂದು ಲೇಬಲ್‌ಗಳಲ್ಲಿ ಪರಂಪರೆ ಎಂದು ಕೊಂಡಾಡುವ ಸಂಗತಿಯ ಬೇರು ಪುಕ್ಕಟೆ ಸಿಕ್ಕ ಮರದಲ್ಲಿದೆ.

ಉದ್ದೇಶಪೂರ್ವಕವಾಗಿ ಪೀಪಾಯಿ ಬದಲಿಸುವುದು, ಅಂದರೆ ಈಗ 'ಫಿನಿಶ್' ಎಂದು ಕರೆಯುವುದು, ನಿನ್ನೆ ಮೊನ್ನೆಯದು. ಸ್ಪೇಸೈಡ್‌ನ ಬಾಲ್ವೆನಿ ಭಟ್ಟಿಮನೆಯ ಡೇವಿಡ್ ಸ್ಟುವರ್ಟ್ 1980ರ ದಶಕದ ಆರಂಭದಲ್ಲಿ, ಅಮೆರಿಕದ ಬೋರ್ಬನ್ ವಿಸ್ಕಿಯಿದ್ದ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯನ್ನು ಶೆರಿ ವೈನಿದ್ದ ಪೀಪಾಯಿಗೆ ಹಾಕಿ ನೋಡಿದರು. 1990ರ ದಶಕದಲ್ಲಿ ಅದೇ ಬಾಲ್ವೆನಿಯಿಂದ 21 ವರ್ಷದ ಪೋರ್ಟ್‌ವುಡ್ ಬಂತು, ಗ್ಲೆನ್‌ಮೊರಾಂಜಿಯಿಂದಲೂ ಪೋರ್ಟ್ ಫಿನಿಶ್ ಬಂತು. ಗ್ಲೆನ್‌ಮೊರಾಂಜಿಯದ್ದು ಮುಂದೆ 'ಕಿಂಟಾ ರೂಬನ್' ಎಂದು ಹೆಸರು ಬದಲಿಸಿಕೊಂಡು ಇಂದಿಗೂ ವಿಮಾನ ನಿಲ್ದಾಣಗಳ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸೂಕ್ಷ್ಮ ಇಲ್ಲಿ ಗಮನಿಸಬೇಕು. ಹುಟ್ಟಿದಂದಿನಿಂದ ಪೋರ್ಟ್ ಪೀಪಾಯಿಯಲ್ಲೇ ಬೆಳೆದದ್ದು ಬೇರೆ, ಕೊನೆಯ ಕೆಲವು ತಿಂಗಳು ಅದರಲ್ಲಿ ಕಳೆದದ್ದು ಬೇರೆ. ಮೊದಲನೆಯದು ಅಪರೂಪ. ಅಂಗಡಿಯಲ್ಲಿ ಕಾಣುವ ಬಹುತೇಕ ಎಲ್ಲವೂ ಎರಡನೆಯ ಬಗೆಯವು.

ಪೀಪಾಯಿಯೊಳಗೆ ನಿಜವಾಗಿ ಏನಾಗುತ್ತದೆ? ಬಟ್ಟಿಯಿಂದ ಇಳಿದ ಹೊಸ ಮದ್ಯ ನೀರಿನಷ್ಟೇ ಸ್ವಚ್ಛ. ಬಣ್ಣವೆಲ್ಲ ಮರದ್ದು, ರುಚಿಯಲ್ಲೂ ದೊಡ್ಡ ಪಾಲು ಮರದ್ದೇ. ಅಮೆರಿಕದ ಬೋರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಅಲ್ಲಿ ಕಾನೂನಿದೆ. ಹಾಗಾಗಿ ಒಮ್ಮೆ ಬಳಸಿದ 200 ಲೀಟರಿನ ಪೀಪಾಯಿಗಳು ಜಗತ್ತಿಗೆಲ್ಲ ಸಲೀಸಾಗಿ ಸಿಗುತ್ತವೆ. ಕಂಬೀಪುರದ ಉಗ್ರಾಣದಲ್ಲಿ ಸಾಲಾಗಿ ಮಲಗಿರುವುದರಲ್ಲಿ ಹೆಚ್ಚಿನವು ಇಂಥವೇ. ಸುಟ್ಟ ಮರದಲ್ಲಿ ಲಿಗ್ನಿನ್ ಒಡೆದು ವೆನಿಲಿನ್ ಆಗಿರುತ್ತದೆ, ಮರದ ಸಕ್ಕರೆಗಳು ಕರಿದ ಬೆಲ್ಲದ ವಾಸನೆ ಬಿಡುತ್ತವೆ, ಓಕ್‌ನ ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ಪರಿಮಳ ಬರುತ್ತದೆ. ಇದ್ದಿಲಿನ ಪದರ ಹೊಸ ಮದ್ಯದ ಗಂಧಕದ ಕಮಟನ್ನು ಹೀರಿಕೊಳ್ಳುತ್ತದೆ. ಹಗಲು ಬಿಸಿಯಾದಾಗ ಮದ್ಯ ಹಿಗ್ಗಿ ಹಲಗೆಯೊಳಗೆ ನುಗ್ಗುತ್ತದೆ, ರಾತ್ರಿ ತಂಪಾದಾಗ ಕುಗ್ಗಿ ಹೊರಬರುತ್ತದೆ, ಬರುವಾಗ ಬರಿಗೈಯಲ್ಲಿ ಬರುವುದಿಲ್ಲ.

ಪೋರ್ಟ್ ಪೀಪಾಯಿಯ ಕೆಲಸ ಇದಕ್ಕಿಂತ ಭಿನ್ನ. ಪೋರ್ಟ್ ಮಾಡುವವರಿಗೆ ತಮ್ಮ ವೈನಿನಲ್ಲಿ ಹೊಸ ಮರದ ರುಚಿ ಬೇಡ. ಅವರು ಒಂದೇ ಪೀಪಾಯಿಯನ್ನು ರಿಪೇರಿ ಮಾಡುತ್ತ ದಶಕಗಟ್ಟಲೆ ಬಳಸುತ್ತಾರೆ. ಮರ ಸತ್ವ ಕಳೆದುಕೊಂಡಷ್ಟೂ ಅವರಿಗೆ ಒಳ್ಳೆಯದು. ಅಂಥ ಹಳೆಯ ಪೀಪಾಯಿ ವಿಸ್ಕಿಗೆ ಕೊಡುವುದು ಮರವನ್ನಲ್ಲ, ಹಲಗೆಯ ದಪ್ಪದೊಳಗೆ ವರ್ಷಗಳಿಂದ ಇಂಗಿ ಕುಳಿತ ವೈನನ್ನು. ಬಲವಾದ ವಿಸ್ಕಿ ಅದನ್ನು ಹೊರಗೆಳೆಯುತ್ತದೆ: ದ್ರಾಕ್ಷಿಯ ಬಣ್ಣದ ಕಣಗಳು, ಒಂದಿಷ್ಟು ಸಕ್ಕರೆ, ಆಮ್ಲಗಳು, ಚೊಗರು. ಪೋರ್ಟ್ ಫಿನಿಶ್ ವಿಸ್ಕಿಯನ್ನು ಗ್ಲಾಸಿಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದರೆ ಹೊಂಬಣ್ಣದ ಅಂಚಿನಲ್ಲಿ ತೆಳುವಾದ ಗುಲಾಬಿ ಕಾಣುತ್ತದೆ, ಪುನರ್ಪುಳಿ ಶರಬತ್ತಿಗೆ ನೀರು ಹೆಚ್ಚಾದಾಗಿನ ಬಣ್ಣ. ಶೆರಿ ಪೀಪಾಯಿ ಯಾವತ್ತೂ ಈ ಬಣ್ಣ ಕೊಡುವುದಿಲ್ಲ, ಅಲ್ಲಿಯದು ಕಂದು. ಗುಲಾಬಿ ಕಂಡರೆ ಒಳಗಿದ್ದದ್ದು ಕೆಂಪು ವೈನ್, ಬಹುಶಃ ರೂಬಿ ಪೋರ್ಟ್ ಎಂದು ಊಹಿಸಬಹುದು.

ಗಾತ್ರವೂ ಲೆಕ್ಕಕ್ಕೆ ಬರುತ್ತದೆ. 550 ಲೀಟರಿನ ಪೀಪಾಯಿಯಲ್ಲಿ ಪ್ರತಿ ಲೀಟರ್ ವಿಸ್ಕಿಗೆ ತಗಲುವ ಮರದ ಮೈ, 200 ಲೀಟರಿನದ್ದಕ್ಕೆ ಹೋಲಿಸಿದರೆ ಸುಮಾರು ಶೇ. 70 ಮಾತ್ರ. ತಣ್ಣಗಿನ ಸ್ಕಾಟ್ಲೆಂಡಿನಲ್ಲಿ ಇದರಿಂದ ಕೆಲಸ ನಿಧಾನವಾಗುತ್ತದೆ. ಬೆಂಗಳೂರಿನಲ್ಲಿ ನಿಧಾನವೇ ಬೇಕಾದದ್ದು.

ಬಿಸಿಲಿನ ಕಥೆ ಇಲ್ಲಿಂದ ಶುರು. ಪೀಪಾಯಿ ಗಾಳಿಯಾಡದ ಡಬ್ಬಿಯಲ್ಲ. ಒಳಗಿನ ಮದ್ಯ ಮರದ ಮೂಲಕ ಆವಿಯಾಗಿ ಹೋಗುತ್ತಲೇ ಇರುತ್ತದೆ. ಸ್ಕಾಟ್ಲೆಂಡಿನವರು ಇದನ್ನು ದೇವದೂತರ ಪಾಲು ಎನ್ನುತ್ತಾರೆ. ಅಲ್ಲಿ ವರ್ಷಕ್ಕೆ ಶೇ. 2ರಷ್ಟು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದ, ಒಣ ಹವೆಯ ಬೆಂಗಳೂರಿನಲ್ಲಿ ಅದು ಶೇ. 10ರಿಂದ 12. ಲೆಕ್ಕ ಹಾಕಿ ನೋಡಿದರೆ ತಲೆ ತಿರುಗುತ್ತದೆ. 200 ಲೀಟರ್ ತುಂಬಿಸಿದ ಪೀಪಾಯಿಯಲ್ಲಿ, ವರ್ಷಕ್ಕೆ ಶೇ. 11ರಂತೆ ಹೋದರೆ, ಐದು ವರ್ಷಕ್ಕೆ ಉಳಿಯುವುದು ಸುಮಾರು 112 ಲೀಟರ್. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷ ಇಟ್ಟರೂ 157 ಲೀಟರ್ ಉಳಿದಿರುತ್ತದೆ. ಅಮೃತ್‌ನವರು ಎಂಟು ವರ್ಷ ಮಾಗಿಸಿ 2013ರಲ್ಲಿ ಹೊರತಂದ 'ಗ್ರೀಡಿ ಏಂಜೆಲ್ಸ್' ಬರೀ 144 ಬಾಟಲಿ. ತುಂಬಿಸಿದ್ದರ ಮುಕ್ಕಾಲು ಪಾಲು ಆಕಾಶಕ್ಕೆ ಹೋಗಿತ್ತು. ಅತಿಯಾಸೆಯ ದೇವದೂತರು ಎಂದು ಬಾಟಲಿಗೇ ಹೆಸರಿಟ್ಟದ್ದು ಬರೀ ತಮಾಷೆಗಲ್ಲ. ಸಮುದ್ರ ಮಥನದ ಕಥೆ ಕೇಳಿ ಬೆಳೆದವರಿಗೆ ಅಮೃತವೆಲ್ಲ ಕೊನೆಗೆ ಯಾರ ಪಾಲಾಯಿತು ಎಂದು ಬೇರೆ ಹೇಳಬೇಕಿಲ್ಲ.

ಆವಿಯಾಗುವುದರಲ್ಲೂ ಒಂದು ವಿಚಿತ್ರವಿದೆ. ಹೋಗುವುದು ನೀರೂ ಹೌದು, ಮದ್ಯಸಾರವೂ ಹೌದು. ಯಾವುದು ಹೆಚ್ಚು ಹೋಗುತ್ತದೆ ಎಂಬುದನ್ನು ಗಾಳಿಯ ತೇವ ನಿರ್ಧರಿಸುತ್ತದೆ. ತೇವದ ಗಾಳಿಯಲ್ಲಿ ನೀರಿನ ಆವಿ ಮೊದಲೇ ತುಂಬಿರುವುದರಿಂದ ಪೀಪಾಯಿಯ ನೀರಿಗೆ ಹೊರಬರಲು ಜಾಗ ಕಮ್ಮಿ, ಆದ್ದರಿಂದ ಮದ್ಯಸಾರವೇ ಹೆಚ್ಚು ಹೋಗಿ ವಿಸ್ಕಿಯ ಬಲ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಆಗುವುದು ಇದು. ಒಣ ಗಾಳಿಯಲ್ಲಿ ನೀರು ಬೇಗ ಹೋಗುತ್ತದೆ, ಬಲ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಪೋರ್ಟೊನೋವಾದ 62.1ರ ಮೂಲ ಇದೇ. ವರ್ಷಗಳು ಕಳೆದು ಅಷ್ಟೆಲ್ಲ ಮದ್ಯ ಗಾಳಿಪಾಲಾದ ಮೇಲೂ, ಪೀಪಾಯಿಗೆ ಹಾಕಿದಾಗಿನ ಖಾರ ಹಾಗೆಯೇ ಉಳಿದಿದೆ.

ಹಾಗಾದರೆ ಬೆಂಗಳೂರಿನಲ್ಲಿ ಪೋರ್ಟ್ ಪೀಪಾಯಿಯೊಂದಿಗೆ ಕೆಲಸ ಮಾಡುವವರ ಕಷ್ಟ ಏನೆಂದು ಊಹಿಸಬಹುದು. ಬಿಸಿಲು ಮರದಿಂದ ರುಚಿಯನ್ನು ಬೇಗ ಎಳೆಯುತ್ತದೆ, ಜತೆಗೆ ಚೊಗರನ್ನೂ ಎಳೆಯುತ್ತದೆ. ಹೆಚ್ಚು ದಿನ ಬಿಟ್ಟರೆ ಬಾರ್ಲಿಯ ಗುರುತೇ ಅಳಿಸಿಹೋಗಿ, ವೈನಿಗೆ ಸ್ಪಿರಿಟ್ ಬೆರೆಸಿದಂತಾಗುತ್ತದೆ. ಕಡಿಮೆ ಬಿಟ್ಟರೆ ಬಣ್ಣ ಬಂದು ರುಚಿ ಬರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಒಂದು ತಿಂಗಳು ಆಚೀಚೆಯಾದರೆ ಯಾರಿಗೂ ಗೊತ್ತಾಗದು. ಇಲ್ಲಿ ಒಂದು ಬೇಸಿಗೆ ಆಚೀಚೆಯಾದರೆ ಪೀಪಾಯಿಯೇ ಕೈತಪ್ಪಬಹುದು. ಬಿರಡೆ ತೆಗೆದು, ಉದ್ದನೆಯ ಕೊಳವೆ ಇಳಿಸಿ, ಒಂದು ಗುಟುಕು ಮೇಲೆತ್ತಿ ಮೂಗಿಗೆ ಹಿಡಿಯುವ ಕೆಲಸ ಕಂಬೀಪುರದಲ್ಲಿ ವರ್ಷಕ್ಕೊಮ್ಮೆಯ ಶಾಸ್ತ್ರವಲ್ಲ. ಆ ಕಾಲದಲ್ಲಿ ಅಮೃತ್‌ನ ಭಟ್ಟಿಮನೆಯ ಮುಖ್ಯಸ್ಥರಾಗಿದ್ದ ಸುರಿಂದರ್ ಕುಮಾರ್ ಅವರ ಹೆಸರನ್ನು ಈ ಸಂದರ್ಭದಲ್ಲಿ ಹೇಳಲೇಬೇಕು.

ಅವರು ಕಂಡುಕೊಂಡ ದಾರಿ ಮೂರು ಹೆಜ್ಜೆಯದು. ಮೊದಲು ಬೋರ್ಬನ್ ಪೀಪಾಯಿ ಮತ್ತು ಹೊಸ ಓಕ್ ಪೀಪಾಯಿಗಳಲ್ಲಿ ವಿಸ್ಕಿ ಮಾಗುತ್ತದೆ. ಆಮೇಲೆ ಪೋರ್ಟ್ ಪೀಪಾಯಿಗೆ ಹೋಗುತ್ತದೆ. ಉಳಿದವರು ಇಲ್ಲಿಗೆ ನಿಲ್ಲಿಸಿ ಬಾಟಲಿಗೆ ತುಂಬುತ್ತಾರೆ. ಅಮೃತ್‌ನವರು ಅದನ್ನು ಮತ್ತೆ ಬೋರ್ಬನ್ ಪೀಪಾಯಿಗೆ ವಾಪಸು ಹಾಕಿದರು. ಪೋರ್ಟೊನೋವಾಕ್ಕೂ ಮುಂಚೆ, 2010ರಲ್ಲಿ ಬಂದ 'ಇಂಟರ್‌ಮೀಡಿಯೆಟ್ ಶೆರಿ'ಯಲ್ಲಿ ಅವರು ಇದೇ ವಿಧಾನವನ್ನು ಶೆರಿ ಪೀಪಾಯಿಯೊಂದಿಗೆ ಮಾಡಿ ನೋಡಿದ್ದರು. ಪೋರ್ಟ್ ನಡುವೆ ಬಂದರೆ ಅದು ಮೇಲಿನ ಬಣ್ಣವಾಗಿ ಉಳಿಯದೆ ಒಳಗೆ ಇಳಿಯುತ್ತದೆ. ಕೊನೆಯ ಬೋರ್ಬನ್ ಪೀಪಾಯಿ ವೈನಿನ ಚೊಗರು ಅಂಚುಗಳನ್ನು ತಿಕ್ಕಿ ನುಣುಪು ಮಾಡುತ್ತದೆ. ಹೊಸ ಓಕ್‌ನ ಅಬ್ಬರವೂ ಇಲ್ಲಿ ಇಳಿಯುತ್ತದೆ. ಈ ಬರಹದ ಮುಖ್ಯ ಮಾತೂ ಇದೇ: ಪೋರ್ಟ್ ಪೀಪಾಯಿಯಲ್ಲಿ ಬೆಂಗಳೂರಿನವರು ಸ್ಕಾಟ್ಲೆಂಡಿನ ನಕಲು ಮಾಡಲಿಲ್ಲ. ತಮ್ಮ ಊರಿನ ಬಿಸಿಲು ಏನು ಮಾಡುತ್ತದೆ ಎಂದು ಅರಿತು, ಅದಕ್ಕೆ ತಕ್ಕ ಬೇರೆ ಕ್ರಮ ಕಟ್ಟಿದರು. ಮೂರನೆಯ ಹೆಜ್ಜೆ ಇಲ್ಲದಿದ್ದರೆ ಪೋರ್ಟೊನೋವಾ ಇನ್ನೊಂದು ಕೆಂಪು ವಿಸ್ಕಿಯಾಗಿ ಮರೆತುಹೋಗುತ್ತಿತ್ತು.

ಗ್ಲಾಸಿನಲ್ಲಿ ಅದು ತಾಮ್ರಕ್ಕೆ ಕೆಂಪು ಬೆರೆತ ಬಣ್ಣ. ನೀರು ಬೆರೆಸದೆ ಮೂಗಿಗೆ ಹಿಡಿದರೆ ಮದ್ಯಸಾರವೇ ಎದುರಾಗಿ ಕಣ್ಣಲ್ಲಿ ನೀರು ಬರಿಸುತ್ತದೆ. ಅದರಲ್ಲಿ ಶೂರತ್ವ ತೋರಿಸುವ ಅಗತ್ಯವಿಲ್ಲ. ಕೆಲವು ಚಮಚ ನೀರು ಹಾಕಿ, ಐದು ನಿಮಿಷ ಬಿಟ್ಟು ನೋಡಿದರೆ ಒಣದ್ರಾಕ್ಷಿ, ಕಳಿತ ನೇರಳೆ, ಕಹಿ ಚಾಕೊಲೇಟು, ಹುರಿದ ಕಾಫಿಬೀಜ ಒಂದೊಂದಾಗಿ ಬರುತ್ತವೆ. ಅವುಗಳ ಕೆಳಗೆ ಬೋರ್ಬನ್ ಪೀಪಾಯಿಯ ವೆನಿಲ್ಲಾ, ಕೊಬ್ಬರಿ. ಸೋಡಾ, ಐಸು ಹಾಕಿ ತುಂಬಿಸುವವರಿಗೆ ಇದು ದಂಡದ ದುಡ್ಡು. ಅದೇ ಕೆಲಸಕ್ಕೆ ನಾಲ್ಕನೇ ಒಂದು ಬೆಲೆಯ ವಿಸ್ಕಿ ಸಾಕು.

ಕರಾವಳಿಯಲ್ಲಿ ಇದೇ ಕೆಲಸ ಮಾಡಿದರೆ ಹೇಗಿರುತ್ತದೆ? ಉತ್ತರಕ್ಕೆ ಇನ್ನಂಜೆ ಸ್ಟೇಷನ್‌ನಿಂದ ಕೊಂಕಣ ರೈಲಿನ ಹಳಿ ಹಿಡಿದು ಉತ್ತರಕ್ಕೆ ಹೋದರೆ ಸಾಕು. ಗೋವಾದ ಕುಂಕಳ್ಳಿಯಲ್ಲಿ, ಬೆಂಗಳೂರನ್ನೇ ಕೇಂದ್ರವಾಗಿ ಹೊಂದಿರುವ ಜಾನ್ ಡಿಸ್ಟಿಲರೀಸ್‌ನ ಮಾಲ್ಟ್ ಭಟ್ಟಿಮನೆ ಇದೆ. 'ಒರಿಜಿನಲ್ ಚಾಯ್ಸ್' ಎಂಬ ಅಗ್ಗದ ವಿಸ್ಕಿಯಿಂದ ರಾಜ್ಯದ ಮೂಲೆಮೂಲೆಗೂ ಪರಿಚಿತವಾದ ಕಂಪನಿಯೇ 2012ರಲ್ಲಿ ಲಂಡನ್ನಿನಲ್ಲಿ 'ಪಾಲ್ ಜಾನ್' ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು. ಅಲ್ಲಿಯ ಹವೆ ಕಾಪುವಿನ ಹವೆಯೇ: ಮೇ ತಿಂಗಳ ಬೆವರು, ಜೂನ್‌ನಿಂದ ನಾಲ್ಕು ತಿಂಗಳ ಜಡಿಮಳೆ, ಉಪ್ಪುಗಾಳಿ. ಆವಿಯ ನಷ್ಟ ಅಲ್ಲೂ ಸ್ಕಾಟ್ಲೆಂಡಿನ ಹಲವು ಪಟ್ಟು. ಆದರೆ ಬಲ ಏರುವ ಬೆಂಗಳೂರಿನ ಆಟ ತೇವದ ಗಾಳಿಯಿಂದಾಗಿ ಅಲ್ಲಿ ಹಾಗೆಯೇ ನಡೆಯುವುದಿಲ್ಲ. ಶಂಕರಪುರದಲ್ಲಿ ಯಾರಾದರೂ ಪೀಪಾಯಿ ಇಟ್ಟರೂ ಫಲ ಕಂಬೀಪುರಕ್ಕಿಂತ ಕುಂಕಳ್ಳಿಗೆ ಹತ್ತಿರ. ಒಂದೇ ಬಾರ್ಲಿ, ಒಂದೇ ಮರ, ಘಟ್ಟದ ಮೇಲೊಂದು ರುಚಿ, ಕೆಳಗೊಂದು ರುಚಿ.

ಬಿಸಿನಾಡಿನ ಇನ್ನೊಂದು ಉದಾಹರಣೆ ತೈವಾನಿನ ಕವಲಾನ್. 2005ರಲ್ಲಿ ಹುಟ್ಟಿದ ಈ ಭಟ್ಟಿಮನೆಯ 'ಕನ್ಸರ್ಟ್‌ಮಾಸ್ಟರ್' ಪೋರ್ಟ್ ಫಿನಿಶ್ ವಿಸ್ಕಿ. ಪೂರ್ತಿ ಪೋರ್ಟ್ ಪೀಪಾಯಿಯಲ್ಲೇ ಮಾಗಿದ ಬಾಟಲಿಗಳನ್ನೂ ಅವರು 'ಸೋಲಿಸ್ಟ್' ಮಾಲಿಕೆಯಲ್ಲಿ ಮಾರುತ್ತಾರೆ. ನಾಲ್ಕೈದು ವರ್ಷದ ವಿಸ್ಕಿ ಹನ್ನೆರಡು ವರ್ಷದ ಸ್ಕಾಚಿನ ಎದುರು ನಿಲ್ಲಬಹುದು ಎಂದು ಜಗತ್ತಿಗೆ ತೋರಿಸಿದವರಲ್ಲಿ ಬೆಂಗಳೂರು ಮೊದಲು, ತೈವಾನ್ ಅದರ ಹಿಂದೆ. ಈ ಕಾರಣಕ್ಕೇ ಅಮೃತ್‌ನ ಹೆಚ್ಚಿನ ಬಾಟಲಿಗಳ ಮೇಲೆ ವಯಸ್ಸು ಇರುವುದಿಲ್ಲ. ಬರೆದರೆ ಸ್ಕಾಚಿನ ಅಳತೆಗೋಲಿನಲ್ಲಿ ನೋಡುವವರು ಎಳೆಯದು ಎಂದು ಬದಿಗಿಟ್ಟುಬಿಡುತ್ತಾರೆ.

ಇಷ್ಟು ಹೊಗಳಿದ ಮೇಲೆ ಕೊಂಕನ್ನೂ ಆಡಬೇಕು. ಪೋರ್ಟ್ ಫಿನಿಶ್ ಎಂಬ ಮಾತು ಈಗ ವಿಸ್ಕಿ ವ್ಯಾಪಾರದಲ್ಲಿ ತೀರಾ ಸಸ್ತಾ ಆಗಿದೆ. ಗಾಯಾದ ಉಗ್ರಾಣದಲ್ಲಿ ದಶಕಗಟ್ಟಲೆ ಕೂತ ಪೀಪಾಯಿಗಳು ಬೇಡಿಕೆಗೆ ತಕ್ಕಷ್ಟು ಇಲ್ಲ. ಹಾಗಾಗಿ ಹೊಸ ಪೀಪಾಯಿಗೆ ವಿಸ್ಕಿಯವರಿಗೆಂದೇ ಸ್ವಲ್ಪ ಕಾಲ ಪೋರ್ಟ್ ತುಂಬಿ, ಖಾಲಿ ಮಾಡಿ ಕಳಿಸುವ ಉದ್ಯಮವೇ ಬೆಳೆದಿದೆ. ಅದು ಮೋಸವೇನಲ್ಲ, ಒಳ್ಳೆಯ ವಿಸ್ಕಿಯೂ ಅದರಿಂದ ಬರುತ್ತದೆ. ಆದರೆ ಆ ಪೀಪಾಯಿಯಲ್ಲಿ ಹೊಸ ಮರದ ಕೈ ಹೆಚ್ಚು, ವೈನಿನ ಕೈ ಕಮ್ಮಿ. ಲೇಬಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು. ಖಾಲಿ ವೈನ್ ಪೀಪಾಯಿ ಹಡಗಿನಲ್ಲಿ ಬರುವಾಗ ಹುಳಿಯಾಗದಿರಲೆಂದು ಒಳಗೆ ಗಂಧಕ ಉರಿಸುವ ರೂಢಿ ಬೇರೆ ಇದೆ. ಸರಿಯಾಗಿ ತೊಳೆಯದಿದ್ದರೆ ವಿಸ್ಕಿಯಲ್ಲಿ ಬೆಂಕಿಕಡ್ಡಿ ಗೀರಿದ ವಾಸನೆ. ಎಲ್ಲಕ್ಕಿಂತ ದೊಡ್ಡ ದೂರು ಬೇರೆಯೇ. ಸಪ್ಪೆಯಾಗಿ ಬಂದ, ಸುಸ್ತಾದ ಹಳೆ ಪೀಪಾಯಿಯಲ್ಲಿ ಕೂತು ಏನೂ ಆಗದ ವಿಸ್ಕಿಗೆ ಕೊನೆಗೆ ಪೋರ್ಟಿನ ಕೆಂಪು ಬಳಿದು ಮಾರುವವರು ಸ್ಕಾಟ್ಲೆಂಡಿನಲ್ಲೂ ಇದ್ದಾರೆ, ಬೇರೆಡೆಯೂ ಇದ್ದಾರೆ. ಮೊದಲ ಗುಟುಕು ಜಾಮ್‌ನಂತೆ ಸಿಹಿಯಾಗಿದ್ದು, ನುಂಗಿದ ಕೂಡಲೇ ಏನೂ ಉಳಿಯದಿದ್ದರೆ ಅದು ಈ ಬಳಿದ ಜಾತಿಯದು. ಸ್ಕಾಟ್ಲೆಂಡಿನ 2009ರ ನಿಯಮ ಓಕ್ ಪೀಪಾಯಿ 700 ಲೀಟರ್ ಮೀರಬಾರದು, ಕನಿಷ್ಠ ಮೂರು ವರ್ಷ ಇಡಬೇಕು ಎನ್ನುತ್ತದೆ. ಫಿನಿಶ್ ಎನ್ನಲು ಇಂತಿಷ್ಟು ತಿಂಗಳಾದರೂ ಪೋರ್ಟ್ ಪೀಪಾಯಿಯಲ್ಲಿ ಇಡಬೇಕು ಎಂಬ ಕನಿಷ್ಠ ಮಿತಿಯನ್ನು ಅದು ಹಾಕಿಲ್ಲ.

ಬೆಲೆಯ ವಿಷಯದಲ್ಲೂ ಗಾಳಿ ಬದಲಾಗುತ್ತಿದೆ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಂತೆ ಸ್ಕಾಚ್ ಮೇಲಿನ ಶೇ. 150ರ ಆಮದು ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ಆಗ ಮೈಸೂರು ರಸ್ತೆಯ ಮಾಲ್ಟು ಸ್ಕಾಟ್ಲೆಂಡಿನ ಮಾಲ್ಟಿನ ಪಕ್ಕದಲ್ಲಿ ಹೆಚ್ಚುಕಡಿಮೆ ಸಮಾನ ಬೆಲೆಗೆ ನಿಲ್ಲಬೇಕಾಗುತ್ತದೆ. ವರ್ಷಕ್ಕೆ ಹತ್ತರಲ್ಲೊಂದು ಪಾಲು ಗಾಳಿಗೆ ಕೊಡುವವರಿಗೆ ಇದು ಸುಲಭದ ಪಂದ್ಯವಲ್ಲ.

ಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟು. ಬಾಟಲಿಯ ಹಿಂಬದಿ ಓದಿ. ಪೋರ್ಟ್ ಪೀಪಾಯಿಯಲ್ಲಿ ಎಷ್ಟು ಕಾಲ ಇತ್ತು, ಯಾವ ಬಗೆಯ ಪೋರ್ಟ್, ಬಣ್ಣ ಸೇರಿಸಿದ್ದಾರೆಯೇ ಎಂಬುದನ್ನು ಬರೆದಿದ್ದರೆ ತಯಾರಕರಿಗೆ ಮುಚ್ಚಿಡುವುದೇನಿಲ್ಲ ಎಂದರ್ಥ. ಶೇ. 46ಕ್ಕಿಂತ ಹೆಚ್ಚು ಬಲದ್ದಾದರೆ ನೀರು ಹಾಕಲು ಹಿಂಜರಿಯಬೇಡಿ. ದುಬೈ, ಮಸ್ಕತ್‌ನಿಂದ ಬಜ್ಪೆಗೆ ಇಳಿಯುವ ಬಂಧುಗಳಿಗೆ ತಲಾ ಎರಡು ಲೀಟರ್ ಮದ್ಯ ತರಲು ಅನುಮತಿ ಇದೆ, ಕಟಪಾಡಿ, ಶಿರ್ವ, ಶಂಕರಪುರದ ಎಷ್ಟೋ ಮನೆಗಳ ಕಪಾಟಿನಲ್ಲಿ ಹಾಗೆ ಬಂದ ಬಾಟಲಿಗಳು ಸೀಲು ಒಡೆಯದೆ ವರ್ಷಗಟ್ಟಲೆ ಕೂತಿವೆ. ಹಳತಾದಷ್ಟೂ ಒಳ್ಳೆಯದಾಗುತ್ತದೆ ಎಂಬ ನಂಬಿಕೆ. ಅದು ಸುಳ್ಳು. ವಿಸ್ಕಿ ಮಾಗುವುದು ಮರದಲ್ಲಿ, ಗಾಜಿನಲ್ಲಿ ಅಲ್ಲ. ಬಾಟಲಿಗೆ ಇಳಿದ ದಿನವೇ ಅದರ ವಯಸ್ಸು ನಿಂತಿತು. ಬಿಸಿಲು ತಾಗದ ಕಡೆ, ಅಡ್ಡ ಮಲಗಿಸದೆ ನೆಟ್ಟಗೆ ಇಡಿ, ಇಲ್ಲವಾದರೆ ಬಲವಾದ ಮದ್ಯ ಬಿರಡೆಯನ್ನು ತಿನ್ನುತ್ತದೆ. ಒಡೆದ ಮೇಲೆ ಒಂದು ವರ್ಷದೊಳಗೆ ಮುಗಿಸಿ.